ವರ್ಷ ಕಳೀಲಿ, ಆಮೇಲೆ ಆಫ್ರಿಕಾ

ನನ್ನ ಗಂಡ ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಿದ್ದು ಮದುವೆ ಮಂಟಪದಲ್ಲೇ ಕೊನೆ. ಸಂಧ್ಯಾವಂದನೆಯನ್ನು ಕಾಲೇಜಿಗೆ ಸೇರಿದ ವರ್ಷವೇ ಬಿಟ್ಟವನು. ಐರ್ಲೆಂಡಿನ ಡನ್ ಲಿಯರಿಯ ನಮ್ಮ ಬಾಡಿಗೆ ಮನೆಯಲ್ಲಿ ಅವನ ಜನಿವಾರ ಬಾತ್‌ರೂಮಿನ ಮೊಳೆಯಲ್ಲಿ ಟವೆಲ್ ಜೊತೆ ನೇತಾಡುತ್ತಿತ್ತು. ಅಂಥವನು ಅಪ್ಪ ತೀರಿಕೊಂಡದ್ದೇ ತಡ, ಶಾಸ್ತ್ರ ಹೇಳೋಕೆ ಶುರು ಮಾಡಿದ. ಅದೂ ಯಾವುದಕ್ಕೆ? ನಮ್ಮ ಆಫ್ರಿಕಾ ಪ್ರವಾಸಕ್ಕೆ. ಈಗಲೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಆಫ್ರಿಕಾ ಯಾಕೆ ಬಂತು ಅನ್ನೋದನ್ನು ಮೊದಲು ಹೇಳುತ್ತೇನೆ. ಅದರ ಹಿಂದಿನ ಚಳಿಗಾಲದಲ್ಲಿ ಇವನು ಕತ್ತಲಾದ ಮೇಲೆ ಅಲ್ಲಿ ಇಲ್ಲಿ ಎಡವುತ್ತಿದ್ದ. ಸ್ಟೇಷನ್ನಿನ ಮೆಟ್ಟಿಲು, ಬೇರೆಯವರ ಸೂಟ್‌ಕೇಸು, ಒಂದು ಸಲ ಯಾರದೋ ನಾಯಿ. ಕನ್ನಡಕದ ನಂಬರು ಬದಲಾಗಿರಬೇಕು ಅಂತ ಡಬ್ಲಿನ್ನಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕನ್ನಡಕದ ತೊಂದರೆಯಲ್ಲ, ರೆಟಿನಾದ್ದು ಅಂದರು. ಮೊದಲು ರಾತ್ರಿಯ ದೃಷ್ಟಿ ಹೋಗುತ್ತದೆ, ಆಮೇಲೆ ಅಂಚುಗಳು, ಹಾಗೇ ಒಳಗೊಳಗೆ ಕಿರಿದಾಗುತ್ತಾ ಬರುತ್ತದೆ, ಔಷಧಿ ಇಲ್ಲ. ನೋಡಬೇಕು ಅಂತ ಆಸೆ ಇರೋದನ್ನು ತಡ ಮಾಡದೆ ನೋಡಿಬಿಡಿ ಅಂತ ಆ ಹೆಂಗಸು ಮೆತ್ತಗೆ ಹೇಳಿದರು. ಉಳಿದಂತೆ ನೀವು ಗ್ರ್ಯಾಂಡ್, ಅಂದರೆ ಚೆನ್ನಾಗಿದ್ದೀರಿ, ಅಂತಲೂ ಸೇರಿಸಿದರು. ಈ ದೇಶದಲ್ಲಿ ಎಲ್ಲದಕ್ಕೂ ಅದೊಂದು ಮಾತು.

ವಾಪಸ್ ಬರುವ ರೈಲಿನಲ್ಲಿ ಇವನು ಸಮುದ್ರ ಕಾಣುವ ಕಡೆ ಕೂತಿದ್ದರೂ ಸಮುದ್ರ ನೋಡಲಿಲ್ಲ. ನಮ್ಮ ಸ್ಟೇಷನ್ ಹತ್ತಿರ ಬಂದಾಗ, ಆ ಹಿಂಡು ನೋಡಬೇಕು ಕಣೇ, ಅಂದ. ಯಾವ ಹಿಂಡು ಅಂತ ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಸ್ಕೂಲು ಹುಡುಗನಾಗಿದ್ದಾಗ ಟೀವಿಯಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದು ಅದು. ಎಮ್ಮೆಯ ಮುಖ, ಕುದುರೆಯ ಬಾಲ, ಮೇಕೆಯ ಗಡ್ಡದ ವಿಲ್ಡೆಬೀಸ್ಟ್ ಅನ್ನೋ ಪ್ರಾಣಿಗಳು ಲಕ್ಷಗಟ್ಟಲೆ ಒಟ್ಟಾಗಿ ನದಿ ದಾಟುತ್ತವೆ. ಜುಲೈ ಬಂತೆಂದರೆ ಟಾಂಜಾನಿಯಾದ ಹುಲ್ಲು ಮುಗಿದು ಕೀನ್ಯಾದ ಕಡೆ ಹೊರಡುತ್ತವೆ. ಅವನಿಗೆ ಒಂದು ಪ್ರಾಣಿ ಬೇಕಾಗಿರಲಿಲ್ಲ. ದಿಗಂತದ ಈ ಕೊನೆಯಿಂದ ಆ ಕೊನೆಯವರೆಗೂ ಹಿಂಡು ಬೇಕಾಗಿತ್ತು.

ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗ ಇರಲಿಲ್ಲ. ಮ್ಯಾಪು ಹರಡಿಕೊಂಡು ಕೂರೋನು. ಅವನಿಗೆ ಒಂದು ದೇಶ ಸಾಲದು, ಎರಡೂ ಆಗಬೇಕು: ಹೊರಡುವ ಹಿಂಡನ್ನು ಟಾಂಜಾನಿಯಾದಲ್ಲಿ ನೋಡಬೇಕು, ಬಂದು ಸೇರುವ ಹಿಂಡನ್ನು ಕೀನ್ಯಾದಲ್ಲಿ ನೋಡಬೇಕು. ಎರಡೂ ಒಂದೇ ಬಯಲು, ನಡುವೆ ಒಂದು ಸಣ್ಣ ಮರಳು ಹೊಳೆ. ಪ್ರಾಣಿಗಳು ಸೀದಾ ದಾಟುತ್ತವೆ. ನಮ್ಮಂಥವರಿಗೆ ಅಲ್ಲಿ ದಾರಿ ಬಂದ್. ಸಣ್ಣ ವಿಮಾನದಲ್ಲಿ ಪಶ್ಚಿಮಕ್ಕೆ ಹೋಗಿ, ಇಳಿದು, ವ್ಯಾನ್ ಹತ್ತಿ, ಲಾರಿಗಳು ಸಾಲುಗಟ್ಟಿ ನಿಂತಿರುವ ಗಡಿಯಲ್ಲಿ ಒಂದು ಕಿಟಕಿಯಲ್ಲಿ ಹೊರಗೆ ಹೋಗುವ ಸೀಲು, ಇನ್ನೊಂದು ಕಿಟಕಿಯಲ್ಲಿ ಒಳಗೆ ಬರುವ ಸೀಲು ಹಾಕಿಸಿಕೊಂಡು, ಮತ್ತೆ ಇನ್ನೊಂದು ಸಣ್ಣ ವಿಮಾನ ಹತ್ತಬೇಕು. ಹೊಳೆಯ ಆಚೆ ದಡ ತಲುಪೋಕೆ ಇಡೀ ದಿನ. ಅದಕ್ಕೆ ಎರಡೆರಡು ವೀಸಾ, ಹಳದಿ ಜ್ವರದ ಸೂಜಿ, ಐರ್ಲೆಂಡಿಗೆ ವಾಪಸ್ ಬರೋಕೆ ಇಲ್ಲಿಯ ವಾಸದ ಕಾರ್ಡು. ನಾನು ರೇಗಿಸುತ್ತಿದ್ದೆ, ಮುಂದಿನ ಜನ್ಮದಲ್ಲಿ ಗಡ್ಡ ಬಿಟ್ಟುಕೊಂಡು ಎಮ್ಮೆಯಾಗಿ ಹುಟ್ಟು, ಯಾರೂ ಪಾಸ್‌ಪೋರ್ಟ್ ಕೇಳಲ್ಲ ಅಂತ. ನೈರೋಬಿಯಲ್ಲಿ ಒಬ್ಬ ಟೂರ್ ನಡೆಸುವವನು ಸಿಕ್ಕಿದ. ಇವರಿಬ್ಬರೂ ಫೋನಿನಲ್ಲಿ ಷಡ್ಡಕರ ಹಾಗೆ ಹರಟುತ್ತಿದ್ದರು. ಜುಲೈಗೆ ಎಲ್ಲಾ ನಿಕ್ಕಿಯಾಯಿತು.

ಯುಗಾದಿಗೆ ಸ್ವಲ್ಪ ಮುಂಚೆ ಮೈಸೂರಿನಲ್ಲಿ ಮಾವ ತೀರಿಕೊಂಡರು. ಇವನೊಬ್ಬನೇ ಮಗ. ಓಡಿಹೋಗಿ ಕಾರ್ಯ ಎಲ್ಲಾ ಮಾಡಿದ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಪುರೋಹಿತರು ಕೂರಿಸಿಕೊಂಡು ಹೇಳಿದರು, ವರ್ಷ ಕಳೆಯುವ ತನಕ ಹಬ್ಬ ಇಲ್ಲ, ಬೇರೆ ಮನೆ ಊಟ ಇಲ್ಲ, ಬೆಟ್ಟ ಹತ್ತಬಾರದು, ಸಮುದ್ರ ದಾಟಬಾರದು. ನಾನು ಸುಮ್ಮನಿರಲಾರದೆ, ಸಮುದ್ರ ದಾಟದೆ ನಾವು ಮನೆಗೆ ಹೋಗೋದು ಹೇಗೆ ಅಂತ ಕೇಳಿದೆ. ಹೊಟ್ಟೆಪಾಡಿಗಾದರೆ ದಾಟಬಹುದಮ್ಮ, ವಿಹಾರಕ್ಕೆ ದಾಟೋ ಹಾಗಿಲ್ಲ, ಅಂದರು.

ಐರ್ಲೆಂಡಿಗೆ ಬಂದವನೇ ನೈರೋಬಿಗೆ ಫೋನ್ ಮಾಡಿ ಮುಂದಿನ ವರ್ಷದ ಜುಲೈಗೆ ಹಾಕಿಸಿಬಿಟ್ಟ. ನಾನು ಜಗಳ ಆಡಿದೆ, ಸಾಮಾನ್ಯ ಜಗಳವಲ್ಲ. ಜನಿವಾರ ಮೊಳೆಗೆ ಹಾಕಿದವನಿಗೆ ಇದೆಂಥ ಮಡಿ? ಒಂದು ವರ್ಷ ನಾನು ಕಾಯ್ತೀನಿ, ನಿನ್ನ ಕಣ್ಣು ಕಾಯುತ್ತಾ? ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಗೆದ್ದಿರುತ್ತಿದ್ದೆ.

"ಅಪ್ಪ ನನ್ನ ಏನೂ ಕೇಳಿದವರಲ್ಲ ಕಣೆ," ಅಂದ. "ಒಂದು ವರ್ಷ ಕೊಡಕ್ಕಾಗಲ್ವಾ?"



ಇನ್ನೊಂದು ವಿಷಯ. ಕಣ್ಣಿನ ಸಂಗತಿ ಮೈಸೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ತಮ್ಮ ಮಗಳ ಮನೆಯಲ್ಲಿ ಇದ್ದರು, ಗಟ್ಟಿ ಜೀವ, ಆದರೂ ಗಂಡ ಹೋದ ದುಃಖದ ಮೇಲೆ ಇದೊಂದು ಬೇಡ ಅಂತ ಇವನು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದ. ಹಾಗಾಗಿ ಅವರ ಪಾಲಿಗೆ ಇದು ಮಗ ಸೊಸೆಯ ಒಂದು ಶೋಕಿ ಅಷ್ಟೇ. ಬಂಡೀಪುರದಲ್ಲಿ ಇಲ್ಲದ ಯಾವ ಕಾಡೆಮ್ಮೆ ನೋಡೋಕೆ ಅಷ್ಟು ದೂರ ಹೋಗ್ತೀರೋ ಅಂತ ಆಡಿಕೊಂಡರು. ಮುಂದಿನ ವರ್ಷ ಹೋದರಾಯ್ತು, ಎಮ್ಮೆ ಎಲ್ಲಿ ಓಡಿಹೋಗುತ್ತೆ, ಅಂದರು.

ಆ ವರ್ಷ ಇವನು ಒಂದೂ ತಪ್ಪಿಸಲಿಲ್ಲ. ತಿಂಗಳು ತಿಂಗಳು ಮಾಸಿಕದ ದಿನ ಮೊಳೆಯ ಮೇಲಿನ ಜನಿವಾರ ಮೈಗೆ ಬರುತ್ತಿತ್ತು. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ, ಮೈಸೂರಿನಿಂದ ಪುರೋಹಿತರು ಹೇಳಿದ ಮಂತ್ರ ಹೇಳಿ, ಬಾಲ್ಕನಿಯಲ್ಲಿ ಪಿಂಡ ಇಡುತ್ತಿದ್ದ. ಕಾಗೆ ಬಂತಾ ಅಂತ ಅವರು ಕೇಳೋರು. ಬಂತು ಅಂತ ಇವನು ಅನ್ನೋನು. ಬರುತ್ತಿದ್ದದ್ದು ಹಾರ್ಬರಿನ ದಪ್ಪ ಬಿಳಿ ಸೀಗಲ್ಲು. ಒಂದೇ ಗುಕ್ಕಿಗೆ ಎಲ್ಲಾ ನುಂಗಿ, ಇನ್ನೂ ಇದೆಯಾ ಅಂತ ನನ್ನ ಮುಖ ನೋಡುತ್ತಿತ್ತು. ನಾನು ನಗುತ್ತಿದ್ದೆ. ಆಗಿನ್ನೂ ನಗು ಬರುತ್ತಿತ್ತು.

ಮಾರ್ಚಿನಲ್ಲಿ ಮೈಸೂರಿಗೆ ಹೋಗಿ ವರ್ಷಾಬ್ದಿಕ ಮುಗಿಸಿ ಬಂದ. ಅವನು ಬಂದ ವಿಮಾನದ ಹಿಂದೆಯೇ ಹೆಚ್ಚುಕಮ್ಮಿ ಸೋಂಕಿನ ಭಯಕ್ಕೆ ಆಕಾಶ ಬಾಗಿಲು ಹಾಕಿಕೊಂಡಿತು. ಇನ್ನು ಬೆಟ್ಟ ಹತ್ತಬಹುದು, ಹಬ್ಬ ಮಾಡಬಹುದು, ವಿಹಾರಕ್ಕೂ ಸಮುದ್ರ ದಾಟಬಹುದು ಅಂತ ಪುರೋಹಿತರು ಹರಸಿ ಕಳಿಸಿದ್ದರು. ಇಲ್ಲಿ ನೋಡಿದರೆ ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗಬಾರದು ಅಂತ ಸರ್ಕಾರ ಹೇಳಿತು. ಅಪ್ಪನ ಸೂತಕ ಮುಗಿದ ತಿಂಗಳಲ್ಲೇ ಊರಿಗೆಲ್ಲಾ ಸೂತಕ ಬಂತಲ್ಲೋ ಅಂತ ನಾನು ಜೋರಾಗಿ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇವನು ಮಾತ್ರ ಪ್ಲ್ಯಾನು ಬಿಡಲಿಲ್ಲ. ಬೆಡ್‌ರೂಮಿನಲ್ಲಿ ಆಫೀಸು, ಮೇಜಿನ ಮೇಲೆ ಆಫ್ರಿಕಾ. ಎರಡು ದೇಶದ ನಿಯಮ ಪಕ್ಕಪಕ್ಕ ಇಟ್ಟು ಓದುತ್ತಿದ್ದ. ಒಂದು ಕಡೆ ವಿಮಾನ ಬರಬಹುದು, ಇನ್ನೊಂದು ಕಡೆ ಬರೋ ಹಾಗಿಲ್ಲ. ಗಡಿಯಲ್ಲಿ ಲಾರಿ ಡ್ರೈವರುಗಳ ಮೂಗಿಗೆ ಕಡ್ಡಿ ಹಾಕಿ ದಿನಗಟ್ಟಲೆ ನಿಲ್ಲಿಸುತ್ತಿದ್ದಾರಂತೆ. ಒಂದು ತೆರೆದರೆ ಇನ್ನೊಂದು ಮುಚ್ಚುತ್ತಿತ್ತು. ಎರಡೂ ತೆರೆದ ವಾರ ಐರ್ಲೆಂಡು, ಅಗತ್ಯವಿಲ್ಲದೆ ಎಲ್ಲೂ ಹೋಗಬೇಡಿ ಅಂದಿತು. ಅಗತ್ಯ ಅಂದರೆ ಏನು ಅಂತ ಸರ್ಕಾರದ ಆಫೀಸಿಗೆ ಫೋನ್ ಮಾಡಿ ಕೇಳಿದೆ. ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ ಅಂತ ಒಬ್ಬ ಹುಡುಗಿ ತುಂಬಾ ಒಳ್ಳೆಯ ದನಿಯಲ್ಲಿ ಹೇಳಿದಳು. ನನಗೆ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಪ್ರಯಾಣ ಹಾಗಿರಲಿ, ಇವನ ಕಣ್ಣಿನ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟುಗಳೇ ಮುಂದೆ ಮುಂದೆ ಹೋಗುತ್ತಿದ್ದವು.

ಜುಲೈನಲ್ಲಿ ನೈರೋಬಿಯವನು ವಿಡಿಯೋ ಕಳಿಸಿದ. ನದಿ ದಾಟುತ್ತಿರುವ ಹಿಂಡು, ದಡದಲ್ಲಿ ಒಂದೇ ಒಂದು ಜೀಪು ಇಲ್ಲ. ನೋಡೋರಿಲ್ಲದೆ ದಾಟುತ್ತಿವೆ, ಕೆಲಸವಿಲ್ಲದೆ ನಾವೂ ಕೂತಿದ್ದೇವೆ ಅಂತ ಬರೆದಿದ್ದ. ಇವನು ಅದನ್ನು ಎಷ್ಟು ಸಲ ನೋಡಿದನೋ. ನನಗೆ ಹೊಟ್ಟೆಕಿಚ್ಚಾಯಿತು, ಆ ನದಿಯ ಮೇಲೆ.

ಆ ಬೇಸಿಗೆಯಲ್ಲೇ ಒಂದು ಸಂಜೆ ಸಮುದ್ರದೊಳಕ್ಕೆ ಚಾಚಿದ ಪಿಯರ್ ಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಇಲ್ಲಿ ಬೇಸಿಗೆಯಲ್ಲಿ ಹತ್ತು ಗಂಟೆಯ ತನಕ ಬೆಳಕು, ಅದೊಂದು ಪುಣ್ಯ, ಅವನು ಕೈ ಹಿಡಿಸಿಕೊಳ್ಳದೆ ನಡೆಯಬಹುದಿತ್ತು. ದೋಣಿ ಕಲಿಯೋ ಮಕ್ಕಳನ್ನು ಮತ್ತೆ ನೀರಿಗೆ ಬಿಟ್ಟಿದ್ದರು. ಹಾರ್ಬರಿನ ತುಂಬಾ ಪುಟ್ಟ ಪುಟ್ಟ ಬಿಳಿ ಹಾಯಿ. ಎಷ್ಟು ದಿನ ಆಗಿತ್ತಲ್ಲ ಇಷ್ಟೊಂದು ಒಟ್ಟಿಗೆ ನೋಡಿ, ಅಂದೆ.

"ಇಷ್ಟೊಂದಾ?" ಅಂದ. "ಒಂದೇ ಇದೆಯಲ್ಲ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ತಿರುಗಿ ನೋಡಿದೆ. ಮಾಡುತ್ತಿರಲಿಲ್ಲ. ಕತ್ತು ನಿಧಾನವಾಗಿ ತಿರುಗಿಸಿದ, ಓ, ಇನ್ನೊಂದು, ಅಂದ. ಮತ್ತೆ ತಿರುಗಿಸಿದ, ಇನ್ನೊಂದು. ಊದುಗೊಳವೆ ಕಣ್ಣಿಗೆ ಇಟ್ಟುಕೊಂಡು ನೋಡಿದ ಹಾಗೆ. ಹಿಂಡಿನ ವಿಷಯದಲ್ಲಿ ಅವನಿಗೆ ಏನು ಹೊಳೆಯಿತು ಅನ್ನೋದು ನನಗೂ ಹೊಳೆಯಿತು. ಐಸ್‌ಕ್ರೀಮ್ ತಗೊಂಡು ಮನೆಗೆ ಬಂದೆವು.

ಆ ಚಳಿಗಾಲ ನರಕ. ನಾಲ್ಕು ಗಂಟೆಗೇ ಕತ್ತಲು, ಎರಡರ ಬದಲು ಈಗ ಐದು ಕಿಲೋಮೀಟರಿನ ಬೇಲಿ, ಮನೆಯೊಳಗೇ ಬಾಗಿಲಿಗೆ ಹಾಯ್ದುಕೊಳ್ಳುವ ಗಂಡ. ಮೇಜಿನ ಮೇಲೆ ಎಡಗಡೆ ಕಾಫಿ ಇಟ್ಟರೆ ಕಾಫಿ ಎಲ್ಲಿ ಅನ್ನುತ್ತಿದ್ದ. ನಾನು ಸಿಡುಕುತ್ತಿದ್ದೆ, ಆಮೇಲೆ ಲೋಟ ತಂದು ಅವನ ಕೈಗೇ ಕೊಡುತ್ತಿದ್ದೆ. ಮುಂದಿನ ವರ್ಷ ಆಫ್ರಿಕಾದಿಂದ ವಾಪಸ್ ಬಂದವರನ್ನು ಹೋಟೆಲಿನಲ್ಲಿ ಕೂಡಿಹಾಕುತ್ತಾರೆ ಅಂತ ಹೊಸ ನಿಯಮ ಬಂತು. ಕೂಡಿಹಾಕಲಿ ಬಿಡು ಅಂದ ಇವನು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಕರೆ ಬಂತು.

ನನ್ನನ್ನು ಒಳಗೆ ಬಿಡಲಿಲ್ಲ, ಜೊತೆಗೆ ಬಂದವರಿಗೆ ಪ್ರವೇಶ ಇಲ್ಲ. ಬೀದಿಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಬಂದವನು ಗೋಡೆ ಹಿಡಿದು ಮೆಟ್ಟಿಲು ಇಳಿದ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗ ಬಟನ್ ಒತ್ತುವ ಪರೀಕ್ಷೆ ಅದು. ಹೇಗಾಯ್ತು ಅಂದೆ.

"ತುಂಬಾ ಹೊತ್ತು ಏನೂ ಬರಲಿಲ್ಲ," ಅಂದ. "ಮಿಷಿನ್ ಕೆಟ್ಟಿದೆ ಅಂತ ಅವರಿಗೆ ಹೇಳಿದೆ. ಕೆಟ್ಟಿಲ್ಲವಂತೆ."

ಆ ಭಾನುವಾರ ಅತ್ತೆಯ ವಿಡಿಯೋ ಕಾಲ್ ಬಂತು. ಮಾತಾಡುತ್ತಾ ಇವನು ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಕೈ ಹಾಕಿದ, ಸಿಗಲಿಲ್ಲ, ತಡಕಾಡಿ ಬೀಳಿಸಿದ. ಅತ್ತೆ ಮಾತು ನಿಲ್ಲಿಸಿದರು. ಹೋದ ತಿಂಗಳೂ ಹೀಗೇ ಮಾಡಿದೆ, ಏನಾಗಿದೆ ನಿನಗೆ ಅಂತ ಕೇಳಿದರು. ಇವನಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಎಲ್ಲಾ ಹೇಳಿದ. ಡಾಕ್ಟರು ಹೇಳಿದ್ದು, ಹಿಂಡು, ಅಪ್ಪನ ವರ್ಷಕ್ಕೋಸ್ಕರ ಮುಂದೆ ಹಾಕಿದ್ದು. ಅತ್ತೆ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡರು, ಅತ್ತಿತ್ತ ನೋಡಿ ಮಗಳು ಹತ್ತಿರ ಇಲ್ಲ ಅಂತ ಖಾತ್ರಿ ಮಾಡಿಕೊಂಡರು.

"ನಿಮ್ಮ ತಾತ ಹೋದ ವರ್ಷ," ಅಂದರು, "ವರ್ಷಾಬ್ದಿಕಕ್ಕೆ ಇನ್ನೂ ಆರು ತಿಂಗಳಿತ್ತು. ನಿಮ್ಮಪ್ಪ ಯಾರಿಗೂ ಹೇಳದೆ ನನ್ನ ಊಟಿಗೆ ಕರಕೊಂಡು ಹೋಗಿದ್ರು ಕಣೋ. ಹೊಸದಾಗಿ ಮದುವೆಯಾಗಿತ್ತು. ಬೆಂಗಳೂರಲ್ಲಿ ಆಫೀಸ್ ಕೆಲಸ ಅಂತ ಮನೇಲಿ ಸುಳ್ಳು ಹೇಳಿದ್ರು."

ಇವನು ನಕ್ಕ. ನಿಜವಾಗಿಯೂ ನಕ್ಕ. ಬೆಟ್ಟ ಹತ್ತಬಾರದು ಅಂತಾರಲ್ಲಮ್ಮ, ಅಂದ. ಹತ್ತಿದೆವಲ್ಲ, ಏನಾಯ್ತು, ಅಂದರು ಅತ್ತೆ.

"ಏನ್ ನೋಡಿದ್ರಿ ಊಟೀಲಿ?"

"ಏನೂ ಇಲ್ಲ ಕಣೋ. ಮೂರು ದಿನವೂ ಮಂಜು, ಎದುರಿಗಿರೋರು ಕಾಣ್ತಿರಲಿಲ್ಲ." ಆಮೇಲೆ ತಡೆದು ತಡೆದು ಅಂದರು, "ನನಗೊಂದು ಮಾತು ಹೇಳಬಾರದಿತ್ತಾ ನೀನು? ನಾನೇ ಕಳಿಸ್ತಿದ್ದೆ. ಅವರೂ ಕಳಿಸ್ತಿದ್ರು."

ಕಾಲ್ ಮುಗಿದ ಮೇಲೆ ನಾನು ಚೆಲ್ಲಿದ ನೀರು ಒರೆಸಿದೆ. ಮ್ಯಾಪಿನ ಒಂದು ಮೂಲೆ ನೆನೆದಿತ್ತು, ಅದನ್ನು ಎತ್ತಿ ಒಣಗಿಸಲೋ ಬೇಡವೋ ತಿಳಿಯಲಿಲ್ಲ. ಅವನೇ, ಮಡಿಸಿಡು, ಅಂದ. ನೈರೋಬಿಗೆ ಬರೆದುಬಿಡು, ನಾವು ಬರಲ್ಲ ಅಂತ.

ಬರೆದೆ. ಕಾರಣವನ್ನೂ ಬರೆದೆ, ಆ ಮನುಷ್ಯನಿಗೆ ಅಷ್ಟು ಹೇಳಬೇಕಾಗಿತ್ತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ತುಂಬಾ ಬೇಸರವಾಯಿತು ಅಂತ ಬರೆದಿದ್ದ. ಆದರೂ ಬನ್ನಿ, ನದಿಯ ಹತ್ತಿರ ನಿಂತರೆ ಹಿಂಡು ದಾಟುವಾಗ ನೆಲ ನಡುಗುವುದು ಕಾಲಿಗೆ ಗೊತ್ತಾಗುತ್ತದೆ, ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ ಅಂತ ಬರೆದಿದ್ದ.

ಏನಂತೆ, ಅಂದ ಇವನು, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಸರಿ ಅಂತೆ, ಅಂದೆ.