ಸಾಹೇಬರ ಫೋನಿನ ಅಧಿಕಾರ

ದೆಹಲಿಯ ನಮ್ಮ ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಬೋರ್ಡು ನನ್ನ ಸುಪರ್ದಿಯಲ್ಲಿತ್ತು. ಪರಊರಿಗೆ ನೇರವಾಗಿ ಡಯಲ್ ಮಾಡುವ ಅಧಿಕಾರ ಸಾಹೇಬರ ಫೋನಿಗೆ ಮಾತ್ರ. ಆದರೆ ಅವರ ಕರೆಯನ್ನು ಬೇರೆ ಮೇಜಿಗೆ ವರ್ಗಾಯಿಸಿದರೆ ಆ ಅಧಿಕಾರವೂ ಜೊತೆಗೇ ಹೋಗಿ, ಕರೆ ಮುಗಿದ ಮೇಲೂ ಅಲ್ಲೇ ಉಳಿಯುತ್ತಿತ್ತು. ಈ ದೋಷವನ್ನು ಹಿಡಿದದ್ದು ಮೆಕ್ಯಾನಿಕ್ ಅಲ್ಲ, ನಾನು. ಸಾಹೇಬರ ಕರೆಗಳು ಆಗಾಗ ವರ್ಗವಾಗುತ್ತಿದ್ದ ಟೈಪಿಸ್ಟ್ ವಾರಿಜಾಳ ಮೇಜಿನಿಂದ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿಗೆ ಕರೆ ಹೋಗುತ್ತಿತ್ತು.

ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅಕ್ಕಾ. ಮಾತು ನಿಂತುಹೋಗಿದೆ. ನರ್ಸಮ್ಮ ಅವರ ಕಿವಿಗೆ ಫೋನ್ ಹಿಡೀತಾರೆ, ನಾನು ಮಾತಾಡ್ತೀನಿ."

"ಟ್ರಂಕ್ ಕಾಲ್ ಬುಕ್ ಮಾಡಬಹುದಿತ್ತಲ್ಲ?"

"ಮಾಡಿ ನೋಡಿದೆ. ಲೈನ್ ಸಿಗೋ ಹೊತ್ತಿಗೆ ಆ ನರ್ಸಮ್ಮನ ಪಾಳಿ ಮುಗಿದಿರುತ್ತೆ. ಒಂದು ವಾರ ಬಿಟ್ಟು ವರದಿ ಬರೀರಿ ಅಕ್ಕಾ."

"ಬರೆದಾಯ್ತಲ್ಲ ವಾರಿಜಾ," ಎಂದೆ.

ಬರೆದಿರಲಿಲ್ಲ. ಅವಳು ಹೋದ ಮೇಲೆ ಬರೆದೆ.

ಮರುದಿನ ಮೆಕ್ಯಾನಿಕ್ ಬಂದು ಒಂದು ತಂತಿ ಬದಲಿಸಿದ, ದೋಷ ಹೋಯಿತು. ನಾಲ್ಕನೆಯ ದಿನ ವಾರಿಜಾಳ ತಂದೆ ತೀರಿಕೊಂಡರೆಂದು ಟೆಲಿಗ್ರಾಂ ಬಂತು.

ವಿಷಯ ತಿಳಿದ ಸಾಹೇಬರು, "ಮೊದಲೇ ಹೇಳಿದ್ದರೆ ನನ್ನ ಫೋನಿನಿಂದಲೇ ಮಾತಾಡಿಸ್ತಿದ್ದೆನಲ್ಲ," ಎಂದರು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಸರ್ ಎಂದು ತಿದ್ದಲು ಹೊರಟವಳು, ಆ ಕಚೇರಿಯಲ್ಲಿ ಮೊದಲ ಸಲ ಸುಮ್ಮನಾದೆ.