ಹೆಬ್ಬಾತಿನ ಪುಕ್ಕ ಕೀಳುತ್ತ ಕುಡಿತ ಬಿಡಿಸುವ ಅಗಾಥಾ

ಬೆಳಗಿನ ಐದೂವರೆ. ಉತ್ತರದ ಜೇಮ್ಸ್ ಕೊಲ್ಲಿಯ ದಂಡೆಯ ನಮ್ಮೂರಲ್ಲಿ ಗಾಳಿಗೆ ಗುಡಾರದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿದೆ. ಒಳಗೆ ಅಗಾಥಾ ಕುಸ್ತಾಚಿನ್ ಕಾಲು ಚಾಚಿ ಕೂತು ಹೆಬ್ಬಾತಿನ ಪುಕ್ಕ ಕೀಳುತ್ತಿದ್ದಾರೆ. ಊರಿಗೆಲ್ಲ ಅವರು ಕೂಕುಮ್, ಅಂದರೆ ಅಜ್ಜಿ. ಎದುರಿಗೆ ಇನ್ನೊಂದು ಬಾತು ಹಿಡಿದಿರುವ ರೋನಿ ಕುಡಿತ ಬಿಟ್ಟು ನಲವತ್ತೊಂದು ದಿನ.

"ಚರ್ಮ ಹರೀತಿದೀಯ ನೋಡು."

"ರಾತ್ರಿ ನಿದ್ದೆ ಬರ್ಲಿಲ್ಲ, ಕೂಕುಮ್."

"ಅದನ್ನ ಹೇಳು. ಸಿಟ್ಟೆಲ್ಲ ಬಾತಿನ ಮೇಲೆ ಯಾಕೆ ತೀರಿಸ್ಕೋತೀಯ?"

ರೋನಿ ಹೇಳುತ್ತಾನೆ. ನದಿಗೆ ಬಿದ್ದು ಹೋದ ಅಣ್ಣನ ವಿಷಯ, ತಲೆ ಎತ್ತದೆ, ಅರ್ಧ ಗಂಟೆ.

ತಿಂಗಳಿಗೊಮ್ಮೆ ವಿಮಾನದಲ್ಲಿ ಬರುವ ಆಪ್ತಸಲಹೆಗಾರರು ಕೋಣೆಯೊಳಗೆ ಎದುರುಬದುರು ಕುರ್ಚಿ ಹಾಕಿ ಕೇಳಿದರೆ ನಮ್ಮವರು 'ಚೆನ್ನಾಗಿದೀನಿ' ಎಂದು ಎದ್ದು ಬರುತ್ತಾರೆ. ಆ ಕೋಣೆಯನ್ನು ಹತ್ತೊಂಬತ್ತು ವರ್ಷ ಗುಡಿಸಿದ ಅಗಾಥಾ ಇದನ್ನು ನೋಡಿಯೇ ಗುಡಾರ ಹಾಕಿದ್ದು. "ಕೈಗೆ ಕೆಲಸ ಇದ್ರೆ ಬಾಯಿ ಬಿಡ್ತಾರೆ. ನಾನೂ ನಲವತ್ತರ ತನಕ ಕುಡಿದವಳೇ," ಎನ್ನುತ್ತಾರೆ. ಈ ವಸಂತದಲ್ಲಿ ಹನ್ನೊಂದು ಜನ ಬರುತ್ತಿದ್ದಾರೆ. ಹೋದ ವರ್ಷದವರಲ್ಲಿ ನಾಲ್ವರು ಮತ್ತೆ ಬಾಟಲಿ ಹಿಡಿದರು. "ಅದನ್ನೂ ಬರೀರಿ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳಿದರು.

ಗುಡಾರವೊಂದೇ ಸಾಲದು ಎಂಬುದು ಅವರಿಗೆ ಗೊತ್ತು. ಏಳು ತಿಂಗಳು ಕಾದ ಮೇಲೆ ರೋನಿಗೆ ದಕ್ಷಿಣದ ಪಟ್ಟಣದ ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ ಸಿಕ್ಕಿತ್ತು, ಅದೂ ಬಾತು ಬೇಟೆಯ ವಾರದಲ್ಲೇ. ಬೇಟೆಯ ಶಿಬಿರಕ್ಕೆ ಕುಡುಕರನ್ನು ಸೇರಿಸುವುದಿಲ್ಲ. ಆರು ವರ್ಷ ದೂರವಿಟ್ಟಿದ್ದ ಚಿಕ್ಕಪ್ಪ, ಅವನು ಕುಡಿತ ಬಿಟ್ಟ ಮೇಲೆ ಮತ್ತೆ ಕರೆದಿದ್ದರು; ರೋನಿ ವಿಮಾನ ಬಿಟ್ಟು ಶಿಬಿರಕ್ಕೆ ಹೋದ. ಕೇಂದ್ರದವರು 'ಚಿಕಿತ್ಸೆ ನಿರಾಕರಿಸಿದ್ದಾನೆ' ಎಂದು ಬರೆದು ಹೆಸರು ಹೊಡೆದುಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಗಾಥಾ ಮಾತ್ರ ಮೂರು ದಿನ ಫೋನ್ ಹಿಡಿದು ಕೂತರು. "ಅವನು ತಪ್ಪಿಸ್ಕೊಂಡಿಲ್ಲಮ್ಮ. ಒಂದು ಹನಿ ಮುಟ್ಟದೆ ಶಿಬಿರದಲ್ಲಿದಾನೆ. ನಿಮ್ಮ ಅರ್ಧ ಕೆಲಸ ಬಾತುಗಳೇ ಮಾಡಿವೆ. ಉಳಿದರ್ಧಕ್ಕೆ ಕಳಿಸ್ತೀನಿ, ಜಾಗ ಇಡಿ."

ನಿನ್ನೆ ಉತ್ತರ ಬಂತು: ಹತ್ತೊಂಬತ್ತನೇ ತಾರೀಕಿಗೆ ಹಾಸಿಗೆ ಖಾಲಿ ಇದೆ. ಆದರೂ ರೋನಿಗೆ ಅಳುಕು. ಹಿಂದೊಮ್ಮೆ ಅಲ್ಲಿಂದ ಒಂಬತ್ತೇ ದಿನಕ್ಕೆ ಓಡಿಬಂದವನು ಅವನು. ಈ ಸಲ ಅಗಾಥಾ ಜೊತೆಗೇ ವಿಮಾನ ಹತ್ತುತ್ತಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ.

"ನಮ್ಮೂರಲ್ಲೇ ನಾಲ್ಕು ಹಾಸಿಗೆ. ಒಬ್ರು ಡಾಕ್ಟ್ರು. ಅಷ್ಟೇ."

"ಅಲ್ಲಿಂದಾನೂ ನಾನು ಓಡಿಹೋದ್ರೆ?" ರೋನಿ ಕೆಣಕುತ್ತಾನೆ.

ಅಗಾಥಾ ಪುಕ್ಕ ಕೊಡವಿಕೊಳ್ಳುತ್ತಾರೆ.

"ಓಡು. ಎಲ್ಲಿ ತನಕ ಓಡ್ತೀಯ, ನಿಮ್ಮಮ್ಮನ ಮನೆ ತನಕ ತಾನೆ? ನಾನು ನಡ್ಕೊಂಡೇ ಬಂದು ಕರ್ಕೊಂಡು ಹೋಗ್ತೀನಿ."