ರೊಟ್ಟಿಗಳ ನಡುವಿನ ಬಟ್ಟೆ

ದೋಹಾ ಹತ್ತಿರದ ಅಲ್ ವುಕೈರ್‌ನ ನಮ್ಮ ಸೈಟ್ ಆಫೀಸಿನಲ್ಲಿ ನಾರ್ವೆಯ ಎಂಜಿನಿಯರ್ ಒಬ್ಬನಿದ್ದಾನೆ. ಮಧ್ಯಾಹ್ನ ಡಬ್ಬಿ ತೆರೆದರೆ ಒಂದು ತುಂಡು ಬ್ರೆಡ್ಡು, ಮೇಲೆ ಚೀಸು, ಅದರ ಮೇಲೊಂದು ಬಟರ್ ಪೇಪರು, ಮತ್ತೆ ಬ್ರೆಡ್ಡು. ಊಟ ಅಂದರೆ ಇಷ್ಟೇನಾ ಎಂದು ನನಗೆ ಅಯ್ಯೋ ಅನಿಸುತ್ತಿತ್ತು. ಆ ಕಾಗದಕ್ಕೆ ಏನನ್ನುತ್ತೀರಿ ಎಂದು ಒಮ್ಮೆ ಕೇಳಿದೆ. ‘ಮೆಲ್ಲೊಮ್‌ಲೆಗ್ಸ್‌ಪಪೀರ್’ ಎಂದ. ಗೇಣಗಲದ ಕಾಗದಕ್ಕೆ ಮಾರುದ್ದದ ಹೆಸರು! ಅವನೇ ಬಿಡಿಸಿ ಹೇಳಿದ: ಮೆಲ್ಲೊಮ್ ಅಂದರೆ ನಡುವೆ, ಲೆಗ್ ಅಂದರೆ ಇಡುವುದು, ಪಪೀರ್ ಅಂದರೆ ಕಾಗದ, ಆ ‘ಸ್’ ಬರೀ ಬೆಸುಗೆ. ಇಷ್ಟು ಸಣ್ಣ ವಸ್ತುವಿಗೂ ಕೂತು ಹೆಸರು ಕಟ್ಟಿದ ಜನರ ಮೇಲೆ ನನಗೆ ಪ್ರೀತಿ ಬಂತು.

ಆಗ ನೆನಪಾದದ್ದು ಅವ್ವನ ರೊಟ್ಟಿ. ಬಾಗಲಕೋಟೆ ಕಡೆಯಿಂದ ಯಾರು ದೋಹಾಕ್ಕೆ ಹೊರಟರೂ ಅವರ ಕೈಯಲ್ಲಿ ಅವ್ವ ಒಂದು ಗಂಟು ಕಡಕ್ ರೊಟ್ಟಿ ಕಳಿಸುತ್ತಿದ್ದಳು. ಸೂಟ್‌ಕೇಸಿನಲ್ಲಿ ಬರುವಷ್ಟರಲ್ಲಿ ಅದು ನುಚ್ಚು. ನಾನು ಮೊಸರು ಕಲಸಿ ಖುಷಿಯಿಂದಲೇ ತಿನ್ನುತ್ತಿದ್ದೆ. ಅವ್ವನಿಗೆ ಮಾತ್ರ ಸಮಾಧಾನವಿಲ್ಲ. ಮಗನ ತಾಟಿಗೆ ಒಂದಾದರೂ ಇಡೀ ರೊಟ್ಟಿ ಬೀಳಬೇಕೆಂಬುದು ಅವಳ ಹಟ.

ರಜೆಗೆ ಊರಿಗೆ ಹೋದಾಗ ನಾರ್ವೆಯವನು ಕೊಟ್ಟ ಆ ಕಾಗದದ ಕಟ್ಟು ಒಯ್ದು, ಹೆಸರಿನ ಕತೆಯನ್ನೂ ಹೇಳಿದೆ. ಅವ್ವ ಮುಟ್ಟಿ ನೋಡಿ ನಕ್ಕಳು. ಇಷ್ಟು ತೆಳ್ಳಗಿನದು ರೊಟ್ಟಿಯನ್ನೇನು ಕಾಯುತ್ತದೆ ಎಂದಳು. ನಾನು ಹೊರಡುವ ಹಿಂದಿನ ದಿನ, ಉಟ್ಟು ಸವೆದ ತನ್ನ ನೂಲಿನ ಸೀರೆಯನ್ನು ರೊಟ್ಟಿಯಗಲಕ್ಕೆ ಕತ್ತರಿಸಿ, ಒಂದೊಂದು ರೊಟ್ಟಿಯ ನಡುವೆ ಎರಡು ಪದರ ಹಾಕಿ ಗಂಟು ಕಟ್ಟಿದಳು.

ದೋಹಾಕ್ಕೆ ಮರಳಿ, ಅಲ್ ಗರಾಫಾದ ನನ್ನ ಮನೆಯಲ್ಲಿ ಗಂಟು ಬಿಚ್ಚಿದೆ. ಒಂದೂ ಮುರಿದಿರಲಿಲ್ಲ. ಫೋನಿನಲ್ಲಿ ತೋರಿಸಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಮುರಿಯಲು ಕೈ ಬರಲಿಲ್ಲ.

“ಮುರಕೊಂಡು ತಿನ್ನೋ,” ಎಂದಳು. “ನಿನ್ನ ಕೈಯಾಗ ಮುರೀಲಿ ಅಂತನ ಇಷ್ಟೆಲ್ಲಾ ಮಾಡೀನಿ.”

ಈಗ ಅವ್ವ ಇಲ್ಲ. ಊರಿಂದ ಬರುವುದು ಅಂಗಡಿಯ ರೊಟ್ಟಿ. ಆ ಬಟ್ಟೆಗಳು ಉಳಿದಿವೆ. ಡಬ್ಬಿಯಲ್ಲಿ ಚಪಾತಿಗಳ ನಡುವೆ ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ. ಮೊನ್ನೆ ನಾರ್ವೆಯವನು ಅದನ್ನು ನೋಡಿ, ನಿಮ್ಮಲ್ಲಿ ಇದಕ್ಕೇನು ಹೆಸರು ಎಂದು ಕೇಳಿದ. ನಮ್ಮಲ್ಲಿ ಹೆಸರಿಲ್ಲ.

“ಅವ್ವನ ಸೀರೆ” ಎಂದೆ.

ತನ್ನ ರೂಢಿಯಂತೆ, ಬಿಡಿಸಿ ಹೇಳು ಎಂದ. ಬಟ್ಟೆ ಸರಿಸಿ, ಒಂದು ಚಪಾತಿ ಮುರಿದು ಅವನ ಕೈಗಿಟ್ಟೆ.